ಮೈದಾನದಲ್ಲಿ ನಡೆದ ಸೌದಾ

ದನದ ಸಂತೆಯಲ್ಲಿ ಟವೆಲಿನ ಕೆಳಗೆ ಕೈ ಹಾಕಿದರೆ ಬಾಪುಸಾಹೇಬನಿಗೆ ಸರಿಸಾಟಿ ಯಾರೂ ಇಲ್ಲ ಎಂಬ ಮಾತು ರಾಯಬಾಗ ತಾಲೂಕಿನಲ್ಲೆಲ್ಲ ಹಬ್ಬಿತ್ತು. ಹಬ್ಬಿಸಿದವನು ಬಾಪುಸಾಹೇಬನೇ ಆದ್ದರಿಂದ ಅದರಲ್ಲಿ ಸಂಶಯಪಡುವಂಥದೇನೂ ಇರಲಿಲ್ಲ.

ಆ ಕಡೆಯ ಸಂತೆಗಳಲ್ಲಿ ಎತ್ತು ಎಮ್ಮೆಗಳ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ದಲಾಲನಾದವನು ಮಾರುವವನ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಾನೆ. ಒಳಗೆ ಎರಡು ಬೆರಳು ಒತ್ತಿದರೆ ಒಂದು ಬೆಲೆ, ಮೂರು ಒತ್ತಿದರೆ ಇನ್ನೊಂದು. ಒಲ್ಲದವನು ತಲೆ ಅಲ್ಲಾಡಿಸುತ್ತಾನೆ, ಒಪ್ಪಿದವನು ಗೋಣು ಹಾಕುತ್ತಾನೆ. ಸುತ್ತ ನಿಂತವರಿಗೆ ಗೋಣು ಕಾಣುತ್ತದೆಯೇ ಹೊರತು ಬೆರಳು ಕಾಣುವುದಿಲ್ಲ. ಬಾಪುಸಾಹೇಬ ಮಾತ್ರ ದೂರದಲ್ಲಿ ಚಹಾ ಕುಡಿಯುತ್ತ ಕೂತು, ಟವೆಲ್ ಅಲುಗಿದ ರೀತಿ ನೋಡಿಯೇ ಸೌದಾ ಎಷ್ಟಕ್ಕೆ ಕುದುರಿತೆಂದು ಹೇಳಬಲ್ಲೆ ಎನ್ನುತ್ತಿದ್ದ. ಖರೆ ಬೆಲೆಯನ್ನು ಯಾರೂ ಬಾಯಿಬಿಡುವಂತಿರಲಿಲ್ಲವಾದ್ದರಿಂದ ಅವನ ಕೀರ್ತಿಗೆ ಇಷ್ಟು ವರ್ಷ ಯಾವ ಧಕ್ಕೆಯೂ ಬಂದಿರಲಿಲ್ಲ.

ಇವನಿಗೆ ಒಬ್ಬಳೇ ಮಗಳು, ಕೋಮಲ. ರಾಯಬಾಗದ ಹೈಸ್ಕೂಲಿನಲ್ಲಿ ಒಂಬತ್ತನೆಯ ಇಯತ್ತೆ. ಶಾಲೆಯ ಸಾಫ್ಟ್‌ಬಾಲ್ ಟೀಮಿನಲ್ಲಿ ಅವಳು ಕ್ಯಾಚರ್. ಸಾಫ್ಟ್‌ಬಾಲ್ ಎಂದರೇನೆಂದು ಬಾಪುಸಾಹೇಬನಿಗೆ ಗೊತ್ತಿರಲಿಲ್ಲ. ಆದರೂ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಕ್ಯಾಚರ್ ಎಂದರೆ ಟೀಮಿನ ಮಾಲಕನಿದ್ದಂತೆ, ಉಳಿದವರೆಲ್ಲ ಅವಳ ಆಳುಗಳು ಎಂದು ದಿನಕ್ಕೊಮ್ಮೆ ಹೇಳುತ್ತಿದ್ದ. ಕೇಳಿ ಕೇಳಿ ಬೇಸತ್ತ ಪಕ್ಕದ ಮನೆಯ ದುಂಡೇಶ ಒಂದು ದಿನ ಚಹಾದ ಕಪ್ಪು ಕೆಳಗಿಟ್ಟು, "ಬಾಪೂ ಅಣ್ಣಾ, ನಿನ್ನ ಮಾಲಕನ ಕಾಲಾಗಿಂದ ಚೆಂಡು ಹಾದು ಹೋಗತಾವಂತ ನೋಡು. ಊರಾಗ ಎಲ್ಲಾರೂ ಅನ್ನಾಕತ್ತಾರ" ಎಂದ.

ಬಾಪುಸಾಹೇಬ ಮರುದಿನವೇ ಹತ್ತು ರೂಪಾಯಿಯ ಶೇಂಗಾ ಕಟ್ಟಿಸಿಕೊಂಡು ಶಾಲೆಯ ಮೈದಾನಕ್ಕೆ ಹೋದ. ಮಗಳಿಗೆ ಕಾಣದಂತೆ ಎದುರಿನ ಕಾಂಪೌಂಡಿನ ಬೇವಿನ ಮರದ ಕೆಳಗೆ ಕೂತ. ಅಲ್ಲಿಂದ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಬ್ಯಾಟು ಹಿಡಿದವಳ ಹಿಂದೆ ಕೋಮಲ ಮುಖಕ್ಕೆ ಕಬ್ಬಿಣದ ಜಾಳಿಗೆ, ಎದೆಗೆ ದಪ್ಪನೆಯ ಪ್ಯಾಡು ಕಟ್ಟಿಕೊಂಡು ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಅವಳೆದುರು ಚೆಂಡು ಹಿಡಿದು ನಿಂತವಳು ಸಾರಿಕಾ, ಬಸ್ಸಿನ ಡ್ರೈವರ್ ರಾವಸಾಹೇಬನ ಮಗಳು. ಕೈಯನ್ನು ಕೆಳಗಿನಿಂದ ಗಿರಕಿ ತಿರುಗಿಸಿ ಚೆಂಡೆಸೆಯುವುದು ಅವಳ ಕೆಲಸ.

ಬಾಪುಸಾಹೇಬ ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕೋಮಲ ತನ್ನ ಎರಡು ತೊಡೆಗಳ ನಡುವೆ, ಬ್ಯಾಟು ಹಿಡಿದವಳಿಗೆ ಕಾಣದಂತೆ, ಎರಡು ಬೆರಳು ತೋರಿಸಿದಳು. ಸಾರಿಕಾ ತಲೆ ಅಲ್ಲಾಡಿಸಿದಳು. ಕೋಮಲ ಮೂರು ಬೆರಳು ತೋರಿಸಿದಳು. ಸಾರಿಕಾ ಗೋಣು ಹಾಕಿದಳು. ಚೆಂಡು ಬಂತು, ಕೋಮಲಳ ಮುಂದೆ ನೆಲಕ್ಕೆ ಬಡಿದು, ಅವಳ ಕೈಗೂ ಸಿಗದೆ ಹಿಂದೆ ಹೋಯಿತು. ಎದುರು ಪಕ್ಷದ ಹುಡುಗಿ ಓಡಿಬಂದು ರನ್ನು ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೂರು ಬೆರಳು, ಮತ್ತೆ ಗೋಣು, ಮತ್ತೆ ಚೆಂಡು ಹಿಂದೆ.

ಬಾಪುಸಾಹೇಬನ ಕೈಯಲ್ಲಿದ್ದ ಶೇಂಗಾದ ಪೊಟ್ಟಣ ಕೆಳಗೆ ಬಿತ್ತು. ಅವನಿಗೆ ಎಲ್ಲ ತಿಳಿದುಹೋಯಿತು. ತನ್ನ ಮಗಳು ಆಟವನ್ನು ಮಾರುತ್ತಿದ್ದಾಳೆ. ಚೆಂಡು ಬಿಡುವುದಕ್ಕೆ ಬೆಲೆ ಕಟ್ಟಿ, ಒಪ್ಪಿಸಿ, ಬಿಡುತ್ತಿದ್ದಾಳೆ. ಅದಕ್ಕಿಂತ ದೊಡ್ಡ ಆಘಾತವೆಂದರೆ ಮೇಲೆ ಒಂದು ಟವೆಲನ್ನೂ ಹಾಕಿರಲಿಲ್ಲ.

ಅವನು ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಉಜ್ವಲಾಳಿಗೆ ಪಿಸುಮಾತಿನಲ್ಲಿ ಎಲ್ಲ ಹೇಳಿದ. ಬಡಿಯುತ್ತಿದ್ದ ಕೈ ನಿಂತು ರೊಟ್ಟಿಯ ನಡುವೆ ತೂತು ಬಿತ್ತು. ಹಂಗ ಮಾರಿದ್ದರೆ ಮನೆಗೆ ಏನಾದರೂ ತರಬೇಕಿತ್ತಲ್ಲ ಎಂದು ಅವಳು ತರ್ಕ ಹೂಡಿದಳು. ದಲಾಲಿಯ ಮೊದಲ ಪಾಠವೇ ಮನೆಯವರಿಗೆ ತೋರಿಸಬಾರದು ಎಂಬುದು ಎಂದು ಬಾಪುಸಾಹೇಬ ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪಡಸಾಲೆಯಲ್ಲಿ ಕೂತಿದ್ದ ಅವನ ತಾಯಿ ಲಕ್ಕವ್ವನಿಗೆ ಕಿವಿ ಮಂದ, ಆದರೆ ಇಂಥ ಮಾತು ಮಾತ್ರ ಗೋಡೆಯಾಚೆಯಿಂದಲೂ ಕೇಳಿಸುತ್ತಿತ್ತು. ಅವಳು ಮೊದಲು ಮನೆತನದ ಮರ್ಯಾದೆ ಹೋಯಿತೆಂದು ಎದೆ ಬಡಿದುಕೊಂಡಳು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿ, "ಅಲ್ಲೋ ಬಾಪೂ, ಎರಡಕ್ಕ ಒಲ್ಲೆ ಅಂದಾಕಿನ್ನ ಮೂರಕ್ಕ ಒಪ್ಪಿಸ್ಯಾಳ. ನಿನಕಿಂತಾ ಶಾಣ್ಯಾ ಅದಾಳಲ್ಲೋ" ಎಂದಳು.

ಮಗಳನ್ನು ನೇರವಾಗಿ ಕೇಳಬಹುದಿತ್ತು. ಆದರೆ ಸೌದಾದ ಮಾತನ್ನು ಬಾಯಿಬಿಟ್ಟು ಆಡುವುದು ದಲಾಲನಿಗೆ ಶೋಭೆಯಲ್ಲ. ಊಟಕ್ಕೆ ಕೂತಾಗ ಬಾಪುಸಾಹೇಬ ಮಗಳ ಬಲಗೈ ಹಿಡಿದು, ಹೆಗಲ ಟವೆಲನ್ನು ಮೇಲೆ ಹೊದಿಸಿ, ಒಳಗೆ ಮೂರು ಬೆರಳುಗಳನ್ನು ಮೆಲ್ಲಗೆ ಒತ್ತಿದ. ಕೋಮಲ ಚಟ್ಟನೆ ಕೈ ಎಳೆದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು. ಎಡಗೈಯಿಂದ ತಾಟು ಸರಿಸಿ ಎದ್ದುಹೋದಳು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಬೆಳಿಗ್ಗೆ ಅವನು ರಾವಸಾಹೇಬನ ಮನೆಗೆ ಹೊರಟ. ಹಿಂದೆ ದುಂಡೇಶ. ಗೋಡೆ ಒಂದೇ ಆಗಿದ್ದರಿಂದ ರಾತ್ರಿಯ ಮಾತೆಲ್ಲ ದುಂಡೇಶನಿಗೂ ಸೇರಿದ್ದಾಗಿತ್ತು. ನಿಪ್ಪಾಣಿಯ ಗಾಡಿ ತಂದು ಬಿಟ್ಟು ಬಂದಿದ್ದ ರಾವಸಾಹೇಬ ಅಂಗಳದಲ್ಲಿ ಕನ್ನಡಿ ತೂಗುಹಾಕಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಬಾಪುಸಾಹೇಬ ನಮಸ್ಕಾರವನ್ನೂ ಹೇಳದೆ ಅವನ ಕೈ ಹಿಡಿದು ಮೇಲೆ ಟವೆಲ್ ಹಾಕಿ ಬೆರಳು ಒತ್ತತೊಡಗಿದ. ಜನ್ಮದಲ್ಲಿ ದನದ ಸಂತೆ ನೋಡದ ರಾವಸಾಹೇಬ ಗಾಬರಿಯಿಂದ, "ಏನ್ರಿ, ಜ್ವರಾ ಬಂದಾವೇನು ನನಗ? ನಾಡಿ ನೋಡಾಕತ್ತೀರಿ?" ಎಂದ.

ವಿಷಯ ತಿಳಿದ ಮೇಲೆ ಅವನ ಮುಖ ಸಾಬೂನಿನ ನೊರೆಗಿಂತ ಬೆಳ್ಳಗಾಯಿತು. ಇಪ್ಪತ್ತು ವರ್ಷ ಗಾಡಿ ಓಡಿಸಿ ಒಂದೂ ಕಪ್ಪು ಚುಕ್ಕೆ ಹಚ್ಚಿಸಿಕೊಂಡವನಲ್ಲ. ತನ್ನ ಮಗಳು ನಿಜವಾಗಿ ಗೋಣು ಹಾಕಿದ್ದನ್ನು ನೋಡಿದಿರಾ ಎಂದು ಮೂರು ಸಲ ಕೇಳಿದ. ಬಾಪುಸಾಹೇಬ ಮೂರು ಸಲವೂ ಗೋಣು ಹಾಕಿದ. ರಾವಸಾಹೇಬ ಅರ್ಧ ಗಡ್ಡದಲ್ಲಿಯೇ ಚಪ್ಪಲಿ ಮೆಟ್ಟಿದ.

ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಸರಕಾರಿ ಡ್ರೈವರ್ ಶಾಲೆಯ ಕಡೆ ಬಿರಬಿರನೆ ನಡೆದರೆ ರಾಯಬಾಗದಂಥ ಊರಲ್ಲಿ ಯಾರು ಸುಮ್ಮನಿದ್ದಾರು. ಕಬ್ಬಿನ ಟ್ರ್ಯಾಕ್ಟರಿನವನು ಟ್ರ್ಯಾಕ್ಟರ್ ನಿಲ್ಲಿಸಿದ, ಕ್ಷೌರದಂಗಡಿಯವನು ತನ್ನ ಗಿರಾಕಿ ಮನೆಯಲ್ಲೇ ಹೆರೆದುಕೊಂಡು ಕೆಟ್ಟನೆಂದು ಕತ್ತರಿ ಸಮೇತ ಬಂದ. ಏನು, ಎತ್ತ ಎಂದು ಕೇಳಿದವರಿಗೆ ದುಂಡೇಶ ತನಗೆ ತೋಚಿದ್ದನ್ನು ಹೇಳುತ್ತ ಬಂದ. ಶಾಲೆಯ ಗೇಟು ಮುಟ್ಟುವ ಹೊತ್ತಿಗೆ ಅದೊಂದು ಮೋರ್ಚಾ ಆಗಿತ್ತು.

ಮೋರ್ಚಾ ಕಂಡ ಹೆಡ್‌ಮಾಸ್ಟರು ಇದು ಬಿಸಿಯೂಟದ ತಕರಾರೇ ಎಂದು ತೀರ್ಮಾನಿಸಿದರು. ಅವರ ಅನುಭವದಲ್ಲಿ ಜನ ಶಾಲೆಗೆ ಗುಂಪಾಗಿ ಬರುವುದು ಆ ಒಂದೇ ಕಾರಣಕ್ಕೆ. ಯಾರೂ ಬಾಯಿ ತೆರೆಯುವ ಮೊದಲೇ ಸಾರಿನ ಬೋಗುಣಿ ಹೊರಗೆ ತರಿಸಿ, ಕೈ ಮುಗಿದು, ಬೇಳೆಯಲ್ಲಿ ಒಂದೂ ಹುಳವಿಲ್ಲ, ನೀವೇ ಉಂಡು ನೋಡಿ ಎಂದು ಎಲ್ಲರಿಗೂ ಬಡಿಸಿದರು. ಬಂದವರು ಉಂಡರು. ಕ್ಷೌರದಂಗಡಿಯವನು ಉಪ್ಪು ಸ್ವಲ್ಪ ಕಡಿಮೆಯೆಂದ. ಹೀಗೆ ಮಗಳ ಮಾನದ ಪ್ರಶ್ನೆ ಎತ್ತಲು ಬಂದ ಬಾಪುಸಾಹೇಬ ಅನ್ನಸಾರಿನ ತಟ್ಟೆ ಹಿಡಿದು ನಿಲ್ಲಬೇಕಾಯಿತು.

ಅಷ್ಟರಲ್ಲಿ ದೈಹಿಕ ಶಿಕ್ಷಕ ಸುಧೀರ ಸರ್ ಬಂದರು. ಬಾಪುಸಾಹೇಬ ತಟ್ಟೆ ಕೆಳಗಿಟ್ಟು, ಗಂಟಲು ಸರಿಪಡಿಸಿಕೊಂಡು, ನಿಮ್ಮ ಮೈದಾನದಲ್ಲಿ ಸೌದಾ ನಡೆದಿದೆ ಎಂದು ಎಲ್ಲರೆದುರು ಹೇಳಿದ. ಎರಡು ಬೆರಳು, ತಲೆ ಅಲ್ಲಾಡಿಸಿದ್ದು, ಮೂರು ಬೆರಳು, ಗೋಣು ಹಾಕಿದ್ದು ಎಲ್ಲವನ್ನೂ ಅಭಿನಯಿಸಿ ತೋರಿಸಿದ. ಕುಕ್ಕುರುಗಾಲಿನಲ್ಲಿ ಕೂತೇ ತೋರಿಸಿದ. ಸುಧೀರ ಸರ್ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಕೋಮಲಳನ್ನು ಕರೆದು, ನಿಮ್ಮಪ್ಪನಿಗೆ ನೀನೇ ಹೇಳು ಎಂದರು.

ಕೋಮಲ ಅಳಲಿಲ್ಲ. ಬಲಗೈಯನ್ನು ಅಪ್ಪನ ಮುಂದೆ ಹಿಡಿದಳು. ಬೆರಳುಗಳು ಬಾತು ನೀಲಿಗಟ್ಟಿದ್ದವು.

"ಎರಡು ತೋರಿಸಿದ್ರ ಸಾವಕಾಶ ಚೆಂಡು ಒಗಿ ಅಂತ. ಮೂರು ತೋರಿಸಿದ್ರ ಕೆಳಗ ಬೀಳೂದು ಒಗಿ ಅಂತ. ಆ ಕೆಳಗ ಬೀಳೂದು ನನಗ ನಿಲ್ಲಸಾಕ ಬರೂದಿಲ್ಲ. ಮಾರಿಲ್ಲಪ್ಪಾ ನಾ. ಬರೂದಿಲ್ಲ, ಅಷ್ಟ."

ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ, ಬೋಗುಣಿಯಲ್ಲಿ ಮಕ್ಕಳಿಗೆ ಉಳಿದದ್ದೆಷ್ಟು ಎಂದು ಇಣುಕಿ ನೋಡುತ್ತಿದ್ದರು. ಬಾಪುಸಾಹೇಬನಿಗೆ ಜನರ ನಗೆ ಕೇಳಿಸಲೇ ಇಲ್ಲ. ರಾತ್ರಿ ತಾನು ಟವೆಲಿನ ಕೆಳಗೆ ಒತ್ತಿದ್ದು ಇದೇ ಬೆರಳುಗಳನ್ನು ಎಂದು ನೆನಪಾಗಿ ಅವನು ಹೆಗಲ ಟವೆಲನ್ನು ಬೆನ್ನ ಹಿಂದೆ ಸರಿಸಿಕೊಂಡ.

ಸುಧೀರ ಸರ್ ಇದ್ದದ್ದನ್ನು ಇದ್ದಂತೆ ಹೇಳಿದರು. ಬರುವ ಭಾನುವಾರ ಚಿಕ್ಕೋಡಿಯಲ್ಲಿ ಜಿಲ್ಲಾ ಟೀಮಿನ ಆಯ್ಕೆ. ಕ್ಯಾಚರ್ ಜಾಗ ಒಂದೇ. ನಿಪ್ಪಾಣಿಯ ಹುಡುಗಿ ನೆಲಕ್ಕೆ ಬಿದ್ದ ಚೆಂಡನ್ನು ಬಿಡುವುದಿಲ್ಲ. ಕೋಮಲ ಅದನ್ನು ಕೈಯಲ್ಲಿ ಹಿಡಿಯಲು ಹೋಗುತ್ತಾಳೆ, ಹಿಡಿಯುವಾಗ ಮುಖ ತಿರುಗಿಸುತ್ತಾಳೆ. ಭಾನುವಾರದೊಳಗೆ ಕಲಿತರೆ ಸರಿ, ಇಲ್ಲದಿದ್ದರೆ ಅವಳ ಆಟ ಈ ಶಾಲೆಯ ಗೇಟಿಗೇ ಮುಗಿಯುತ್ತದೆ. ಕಲಿಸೋಣವೆಂದರೆ ತಮಗೆ ಇಂದಿನಿಂದ ಜನಗಣತಿಯ ತರಬೇತಿ.

ಅಷ್ಟು ಜನರೆದುರು ಹೋದ ಮಾನವನ್ನು ಅಷ್ಟು ಜನರೆದುರೇ ಮರಳಿ ಪಡೆಯಬೇಕಲ್ಲ. "ನಾ ಕಲಸ್ತೀನ್ರಿ ಸರ್" ಎಂದು ಬಾಪುಸಾಹೇಬ ಹೇಳಿಬಿಟ್ಟ. ಈ ಸಲ ಆಘಾತವಾದದ್ದು ಕೋಮಲಳಿಗೆ.

ಸುಧೀರ ಸರ್ ಹೊರಡುವ ಗಡಿಬಿಡಿಯಲ್ಲೇ ಅವನಿಗೆ ಪಾಠ ಹೇಳಿದರು. ನೇರ ಬರುವ ಚೆಂಡಿನ ಮೇಲೆ ಕೈ ಬೀಸಬಾರದು. ಅದು ಬರುವ ಜಾಗದಲ್ಲಿ ಗ್ಲೌಸು ಮೊದಲೇ ಇರಬೇಕು, ಹಿಡಿದ ಮೇಲೆ ಅಲುಗಬಾರದು, ಬರಿಗೈ ಬೆನ್ನ ಹಿಂದೆ ಇರಬೇಕು. ನೆಲಕ್ಕೆ ಬಡಿಯುವ ಚೆಂಡನ್ನು ಹಿಡಿಯುವ ಆಸೆಯೇ ಬೇಡ. ಎರಡೂ ಮೊಣಕಾಲೂರಿ, ಗ್ಲೌಸಿನಿಂದ ಕಾಲ ನಡುವಿನ ಸಂದು ಮುಚ್ಚಿ, ಗದ್ದ ಎದೆಗೆ ಒತ್ತಿ, ಬರಲಿ ಎಂದು ಮೈಕೊಡಬೇಕು. ಚೆಂಡು ಎದೆಗೆ ಬಡಿದು ಮುಂದೆಯೇ ಬೀಳಬೇಕು.

ನೇರ ಚೆಂಡಿನ ಪಾಠ ಬೇಗ ಸಾಗಿತು. ಹೊಸ ಎಮ್ಮೆಯ ಹಗ್ಗ ಕೈಗೆ ಬಂದಾಗ ಜಗ್ಗಿದರೆ ಅದು ಬೆದರುತ್ತದೆ, ಕೈ ಸಡಿಲಬಿಟ್ಟು ನಿಂತರೆ ತಾನೇ ನಿಲ್ಲುತ್ತದೆ ಎಂದು ಬಾಪುಸಾಹೇಬ ಅಂಗಳದಲ್ಲಿ ನಿಂತು ಹೇಳಿದ. ಕೋಮಲಳ ತಲೆಗೆ ಅದು ಹತ್ತಿತು. ಚೆಂಡು ಗ್ಲೌಸಿಗೆ ಸದ್ದಿಲ್ಲದೆ ಬಂದು ಕೂರತೊಡಗಿತು. ಬಾಪುಸಾಹೇಬ ಅಷ್ಟಕ್ಕೇ ಸುಮ್ಮನಾಗದೆ ಖರೆ ಎಮ್ಮೆಯನ್ನೇ ತಂದು ಹಗ್ಗ ಹಿಡಿಸಿದ. ಎಮ್ಮೆ ನಿಂತಿತು. ಆದರೆ ನಿಂತದ್ದು ದುಂಡೇಶ ಬಿಸಿಲಿಗೆ ಹಾಕಿದ್ದ ಸಂಡಿಗೆಯ ಮೇಲೆ.

ನೆಲದ ಚೆಂಡಿನದೇ ಫಜೀತಿ. ಸ್ವಂತ ಮಗಳ ಎದೆಗೆ ಗುರಿಯಿಟ್ಟು ಎಸೆಯುವುದು ಬಾಪುಸಾಹೇಬನಿಂದ ಆಗಲಿಲ್ಲ. ಎಸೆದವನೇ "ಸರಿಯವ್ವಾ, ಬಡಿತೈತಿ" ಎಂದು ತಾನೇ ಕೂಗುತ್ತಿದ್ದ. ಅವಳು ಸರಿಯುತ್ತಿದ್ದಳು. ಲಕ್ಕವ್ವ ಮೊಮ್ಮಗಳ ಮುಂದೆ ಸೆರಗು ಹರಡಿ ನಿಂತು, ನನ್ನನ್ನು ಹೊಡೆದು ಆಮೇಲೆ ಕೂಸನ್ನು ಹೊಡಿ ಎಂದು ಮಗನಿಗೆ ಹೇಳಿದಳು. ಉಜ್ವಲಾ ಒಳಗಿನಿಂದ ಹಾಸಿಗೆ ತಂದು ಮಗಳ ಎದೆಗೆ ಸುತ್ತಿ ಕಟ್ಟಿದಳು. ಕೋಮಲಳಿಗೆ ಮೊಣಕಾಲೂರುವುದಿರಲಿ, ಬಾಗಿಲು ದಾಟುವುದೂ ಆಗಲಿಲ್ಲ. ಶುಕ್ರವಾರ ಸಂಜೆ ಅವಳು ಗ್ಲೌಸು ಬಿಚ್ಚಿ ಕಟ್ಟೆಯ ಮೇಲಿಟ್ಟು, ನಿಪ್ಪಾಣಿಯವಳೇ ಹೋಗಲಿ ಬಿಡು ಎಂದಳು.

ಶನಿವಾರ ಬೆಳಿಗ್ಗೆ ಕಬ್ಬಿಗೆ ನೀರಿನ ಪಾಳಿ. ಕೋಮಲ ಚಹಾ ತೆಗೆದುಕೊಂಡು ಹೊಲಕ್ಕೆ ಬಂದಾಗಲೇ ಮೇಲಿನ ಒಡ್ಡು ಒಡೆಯಿತು. ನೀರು ದುಂಡೇಶನ ಬಿತ್ತಿದ ಹೊಲದ ಕಡೆ ನುಗ್ಗಿತು. ಬಾಪುಸಾಹೇಬ ಮೊದಲು ಎರಡು ಕೈಯಿಂದ ಮಣ್ಣು ಬಾಚಿ ಅಡ್ಡ ಹಾಕಿದ, ನೀರು ಮಣ್ಣನ್ನೂ ಕೈಯನ್ನೂ ತಳ್ಳಿಕೊಂಡು ಹೋಯಿತು. ಆಗ ಅವನು ಹಿಂದೆಮುಂದೆ ನೋಡದೆ ಒಡೆದ ಜಾಗದಲ್ಲಿ ಮೊಣಕಾಲೂರಿ ಕೂತುಬಿಟ್ಟ. ತೊಡೆಗಳ ಸಂದಿನಲ್ಲಿ ಟವೆಲ್ ತುರುಕಿದ. ಗದ್ದ ಎದೆಗೊತ್ತಿ, ಭುಜ ಮುಂದೆ ಬಾಗಿಸಿ, ನೀರಿಗೆ ಎದೆಕೊಟ್ಟು, ಸಲಿಕೆ ತಾ ಎಂದು ಒದರಿದ. ಮುಖಕ್ಕೆ ಕೆಸರು ರಾಚಿದರೂ ಮುಖ ತಿರುಗಿಸಲಿಲ್ಲ. ತಿರುಗಿಸಿದರೆ ಮೈ ತಿರುಗುತ್ತದೆ, ಮೈ ತಿರುಗಿದರೆ ಸಂದು ಬಿಡುತ್ತದೆ, ನೀರು ಬಿಡುವವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಕೋಮಲ ಸಲಿಕೆ ತರಲಿಲ್ಲ. ಒಡ್ಡಿನ ಮೇಲೆ ನಿಂತು ಕಣ್ಣು ಅರಳಿಸಿ ನೋಡುತ್ತಿದ್ದಳು.

"ಅಪ್ಪಾ, ಏಳಬ್ಯಾಡ. ಹಂಗಽ ಕುಂದರು. ಸರ್ ಹೇಳಿದ್ದು ಇದಽ ಐತಿ ನೋಡು."

ಬಾಪುಸಾಹೇಬ ತಣ್ಣನೆಯ ನೀರಿನಲ್ಲಿ ಬಹಳ ಹೊತ್ತು ಕೂತಿರಬೇಕಾಯಿತು, ಏಕೆಂದರೆ ಮಗಳು ಅವನ ಮೊಣಕಾಲು, ಭುಜ, ಗದ್ದ ಎಲ್ಲವನ್ನೂ ಸುತ್ತು ಹಾಕಿ ನೋಡಿದಳು. ಒಡ್ಡು ಕಟ್ಟಿದ ಮೇಲೆ ಅವಳು ಮನೆಗೆ ಓಡಿ ಗ್ಲೌಸು, ಪ್ಯಾಡು, ಚೆಂಡು ತಂದು ಅಲ್ಲೇ ಕೆಸರಿನಲ್ಲಿ ಮೊಣಕಾಲೂರಿದಳು, ಅವನು ಎಸೆದ. ಮೊದಲ ಚೆಂಡಿಗೆ ಮುಖ ತಿರುಗಿತು. ಮುಂದಿನದಕ್ಕೂ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಅಪ್ಪನೂ ಸರಿಯೆಂದು ಕೂಗುವುದನ್ನು ಬಿಟ್ಟ, ಅವಳೂ ತಿರುಗುವುದನ್ನು ಬಿಟ್ಟಳು.

ಭಾನುವಾರ ಚಿಕ್ಕೋಡಿಯ ಮೈದಾನಕ್ಕೆ ಅರ್ಧ ಓಣಿಯೇ ಬಂದಿತ್ತು. ಸಂಡಿಗೆ ಕಳೆದುಕೊಂಡ ದುಂಡೇಶ ಬಂದಿದ್ದ, ಪೂರ್ತಿ ಗಡ್ಡ ಹೆರೆದುಕೊಂಡ ರಾವಸಾಹೇಬ ರಜೆ ಹಾಕಿ ಬಂದಿದ್ದ. ರಾಯಬಾಗಕ್ಕೂ ನಿಪ್ಪಾಣಿಗೂ ಆಟ, ಆಯ್ಕೆ ಸಮಿತಿಯವರು ಕುರ್ಚಿಯ ಮೇಲೆ. ಕೊನೆಯ ಸರದಿಗೆ ರಾಯಬಾಗ ಒಂದು ರನ್ನು ಮುಂದಿತ್ತು, ನಿಪ್ಪಾಣಿಯ ಒಬ್ಬಳು ಮೂರನೆಯ ಬೇಸಿನಲ್ಲಿ, ಅಂದರೆ ರನ್ನಿಗೆ ಒಂದೇ ಓಟ ಬಾಕಿಯಿರುವ ಗುರುತಿನ ಮೇಲೆ, ಓಡಲು ತುದಿಗಾಲಲ್ಲಿ ನಿಂತಿದ್ದಳು. ಚೆಂಡು ಕೋಮಲಳನ್ನು ದಾಟಿ ಹೋದರೆ ಅವಳು ಬಂದಂತೆಯೇ, ಕೋಮಲಳ ಜಾಗ ಹೋದಂತೆಯೇ.

ಸಾರಿಕಾ ಎಸೆದ ಚೆಂಡು ನೆಲಕ್ಕೆ ಬಡಿದು ಪುಟಿಯಿತು. ಕೋಮಲ ಮೊಣಕಾಲೂರಿದಳು. ಚೆಂಡು ಪ್ಯಾಡಿನ ಮೇಲಂಚಿಗೆ, ಕೊರಳಿನ ಎಲುಬಿಗೆ ಠಪ್ಪೆಂದು ಬಡಿದು ಮುಂದೆಯೇ ಬಿತ್ತು. ಓಡಲು ಹೊರಟವಳು ಹಿಂದಕ್ಕೆ ಸರಿದಳು. ಕೋಮಲ ಬಾಗಿ ಕೆಮ್ಮತೊಡಗಿದಳು.

ಬಾಪುಸಾಹೇಬ ಹಗ್ಗ ಹಾರಿ ಯಾವಾಗ ಮೈದಾನದೊಳಗೆ ಬಂದನೋ ಯಾರಿಗೂ ಕಾಣಲಿಲ್ಲ. ಅಂಪೈರ್ ಬೆಚ್ಚಿಬಿದ್ದು, ನೀವು ಯಾರು, ಇಲ್ಲಿ ನಿಮ್ಮದೇನು ಎಂದು ಗದರಿದರು. ಗಾಬರಿಯಲ್ಲಿ ಬಾಪುಸಾಹೇಬನ ಬಾಯಿಂದ, ದಲಾಲ್ರಿ, ಎಂದು ಬಂತು. ಆಯ್ಕೆ ಸಮಿತಿಯವರು ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಬಂದೋಬಸ್ತಿನ ಪೊಲೀಸನೊಬ್ಬ ಲಾಠಿ ಹುಡುಕಿದ. ಸುಧೀರ ಸರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಕೋಮಲ ಮುಖದ ಜಾಳಿಗೆ ಮೇಲೆತ್ತಿ, "ಅಪ್ಪಾ, ನೀ ಹೊರಗ ಹೋಗು. ಇನ್ನೂ ಆಟ ಐತಿ ನನ್ನದು" ಎಂದಳು. ಧ್ವನಿ ಏರಿಸಲಿಲ್ಲ. ಸಂತೆಯಲ್ಲಿ ಯಾರ ಮಾತಿಗೂ ಹಿಂದೆ ಸರಿಯದ ಬಾಪುಸಾಹೇಬ ಸುಮ್ಮನೆ ತಿರುಗಿ ಹೊರಗೆ ಬಂದ.

ಸಾರಿಕಾ ಮತ್ತೆ ಗಿರಕಿ ತಿರುಗಿಸಿದಳು. ಮತ್ತೆ ಅದೇ ಕೆಳಗೆ ಬೀಳುವ ಚೆಂಡು. ಠಪ್ಪೆಂದು ಸದ್ದಾಯಿತು, ಧೂಳೆದ್ದಿತು, ಮೈದಾನವೇ ಕೂಗಿತು. ಅದು ಯಾವ ಊರಿನವರ ಕೂಗು ಎಂದು ಬಾಪುಸಾಹೇಬನಿಗೆ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಮೈಕಿನಲ್ಲಿ, ಜಿಲ್ಲಾ ಟೀಮಿನ ಕ್ಯಾಚರ್ ರಾಯಬಾಗದ ಕೋಮಲ ಎಂದು ಕೇಳಿಸಿದಾಗಲೇ ಅವನು ಟವೆಲ್ ಮೇಲೆತ್ತಿ ಬೀಸಿದ್ದು.

ಮರಳುವ ಬಸ್ಸಿನಲ್ಲಿ ಆ ಕೊನೆಯ ಚೆಂಡಿನದೇ ಮಾತು. ದುಂಡೇಶ ಅವಳು ಎಡಕ್ಕೆ ಹೊರಳಿ ತಡೆದಳೆಂದ, ರಾವಸಾಹೇಬ ಬಲಕ್ಕೆ ಎಂದ. ತಡೆದ ಚೆಂಡನ್ನು ಹೆಕ್ಕಿ, ಓಡಿಬಂದವಳನ್ನು ಮುಟ್ಟಿ ಔಟ್ ಮಾಡಿದಳು ಎಂಬುದರಲ್ಲಿ ಮಾತ್ರ ಇಬ್ಬರೂ ಒಂದಾದರು. ಬಾಪುಸಾಹೇಬ ಇಬ್ಬರಿಗೂ ಹೌದು ಹೌದು ಎನ್ನುತ್ತ, ತಾನು ಕಲಿಸಿದ ರೀತಿಯೇ ಹಾಗೆ, ಗದ್ದ ಎಷ್ಟು ಒತ್ತಿದ್ದಳು ಗಮನಿಸಿದಿರಾ ಎಂದು ಹಿಂದಿನ ಸೀಟಿನವರಿಗೂ ವಿವರಿಸಿದ. ಕುಂಟುವ ಎತ್ತನ್ನು ನೆಟ್ಟಗೆ ನಡೆಸಿ ತೋರಿಸಿದ ಬಾಯಿ ಅದು.

ಕಿಟಕಿಯ ಪಕ್ಕ ಕೂತ ಕೋಮಲ, ಕೊರಳಿಗೆ ಸಾರಿಕಾಳ ಅಪ್ಪ ಕೊಡಿಸಿದ ಐಸ್‌ಕ್ಯಾಂಡಿ ಒತ್ತಿಕೊಂಡು, ಅವನನ್ನೇ ನೋಡುತ್ತಿದ್ದಳು. ಜನ ತೂಕಡಿಸತೊಡಗಿದ ಮೇಲೆ ಮೆಲ್ಲಗೆ ಕೇಳಿದಳು.

"ಖರೇ ಹೇಳಪ್ಪಾ. ಎಡಕ್ಕೋ, ಬಲಕ್ಕೋ?"

ಬಾಪುಸಾಹೇಬ ಸುತ್ತ ನೋಡಿದ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ನಾ ನೋಡಲಿಲ್ಲವ್ವ" ಎಂದ. "ಮಾರಿ ತಿರುವಿದ್ನಿ."

ಕೋಮಲ ಐಸ್‌ಕ್ಯಾಂಡಿಯನ್ನು ಕೊರಳಿನ ಈ ಬದಿಯಿಂದ ಆ ಬದಿಗೆ ಸರಿಸಿಕೊಂಡಳು.

"ನಾ ತಿರುವಲಿಲ್ಲ" ಎಂದಳು.